ಮಾಳಿಗೆಯ ಮೇಲಣ ವಿದ್ಯುತ್ತು

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದು ಬಂದಂದಿನಿಂದ ಈಚೆಗೆ, ವಿದ್ಯುತ್ತೆಂಬುದು ನಮ್ಮ ನಾಡಿನ ಗೃಹಸ್ಥನ ಪಾಲಿಗೆ ಯಾವಾಗಲೂ ದೂರದಿಂದ ಬರತಕ್ಕ ವಸ್ತುವಾಗಿಯೇ ಇದ್ದಿತು. ಎಲ್ಲಿಯೋ ಹುಟ್ಟಿ, ಕಂಬದಿಂದ ಕಂಬಕ್ಕೆ ದಾಟಿ, ಮೀಟರಿನ ಮೂಲಕ ಮನೆಯನ್ನು ಪ್ರವೇಶಿಸುತ್ತಿದ್ದ ಆ ಶಕ್ತಿಯ ಭಯವನ್ನು ನಿವಾರಿಸಿಕೊಳ್ಳುವ ಉಪಾಯವೂ ಸರಳವಾಗಿತ್ತು. ಬಾಗಿಲ ಬಳಿಯ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದರೆ ಒಳಗಿನ ತಂತಿಗಳೆಲ್ಲವೂ ನಿರ್ಜೀವವಾದುವೆಂದು ನಂಬಿ, ಅಂತೆಯೇ ನಡೆದು, ನಾಲ್ಕೈದು ತಲೆಮಾರುಗಳ ಜನ ಕ್ಷೇಮವಾಗಿ ಬಾಳಿದ್ದಾರೆ. ಮನೆಯ ಮಾಳಿಗೆಯ ಮೇಲೆ ಸೌರಫಲಕಗಳನ್ನು ಕೂಡಿಸಿದ ಕ್ಷಣದಿಂದ ಈ ನಂಬಿಕೆ ನಿಲ್ಲುವುದಿಲ್ಲ. ವಿದ್ಯುತ್ತು ಈಗ ದೂರದಿಂದ ಬರುವುದಲ್ಲ, ತಲೆಯ ಮೇಲೆಯೇ ಹುಟ್ಟುವುದು. ಅದನ್ನು ಹುಟ್ಟಿಸುವವನು ಸೂರ್ಯನಾದುದರಿಂದ, ಅದರ ಮೂಲಕ್ಕೆ ಹಾಕತಕ್ಕ ಸ್ವಿಚ್ಚು ಯಾರ ಕೈಯಲ್ಲಿಯೂ ಇಲ್ಲ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿ, ಒಂದು ಕೋಟಿ ಮನೆಗಳ ಮೇಲೆ ಸೌರಫಲಕಗಳನ್ನು ಅಳವಡಿಸುವ ಸಂಕಲ್ಪವನ್ನು ಪ್ರಕಟಿಸಿ, 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದ ಮೇಲೆ, ಈ ಕೆಲಸವು ಶ್ರೀಮಂತರ ಹವ್ಯಾಸವೆಂಬ ಸ್ಥಿತಿಯನ್ನು ದಾಟಿ ಸಾಮಾನ್ಯ ಗೃಹಸ್ಥನ ಲೆಕ್ಕಾಚಾರದೊಳಕ್ಕೆ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ಈ ವಿಚಾರವಾಗಿ ಜನರು ಮಾತನಾಡುವುದನ್ನು ಕೇಳಿದರೆ, ಫಲಕ ಯಾವ ಕಂಪೆನಿಯದು, ತಿಂಗಳಿಗೆ ಎಷ್ಟು ಯೂನಿಟ್ಟು ಬರುತ್ತದೆ, ಹಾಕಿದ ಹಣ ಎಷ್ಟು ವರ್ಷಕ್ಕೆ ಹಿಂದಿರುಗುತ್ತದೆ ಎಂಬ ಪ್ರಶ್ನೆಗಳೇ ಮೊದಲಿನಿಂದ ಕಡೆಯವರೆಗೆ ಕೇಳಿಬರುತ್ತವೆಯೇ ಹೊರತು, ತಂತಿ ಎಂತಹುದು, ಅದು ಯಾವ ಮಾರ್ಗದಲ್ಲಿ ಇಳಿಯುತ್ತದೆ, ಅರ್ಥಿಂಗ್ ಗುಂಡಿಯನ್ನು ಎಲ್ಲಿ ತೋಡಿದ್ದಾರೆ, ಅದರ ರೋಧವನ್ನು ಯಾರಾದರೂ ಅಳೆದರೇ ಎಂಬ ಪ್ರಶ್ನೆಗಳು ಬಹಳ ಅಪರೂಪ. ಕಣ್ಣಿಗೆ ಕಾಣುವ ಭಾಗಕ್ಕೆ ಹಣವನ್ನು ಸುರಿದು, ಕಾಣದ ಭಾಗದಲ್ಲಿ ಉಳಿತಾಯವನ್ನು ಹುಡುಕುವ ಈ ಪ್ರವೃತ್ತಿಯೇ ಮಾಳಿಗೆಯ ಮೇಲಣ ಅಪಾಯಕ್ಕೆ ಮುಖ್ಯ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರು ಮೈಸೂರುಗಳ ಮಾಳಿಗೆಗಳ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಉಪಕರಣಗಳು ದಶಕಗಳಿಂದ ಇವೆ. ಅವುಗಳೊಡನೆ ಬಾಳಿ ಅಭ್ಯಾಸವಾದ ನಮ್ಮ ಜನರಿಗೆ, ಬಿಸಿಲಿಗೆ ಮೈಯೊಡ್ಡಿ ಮಲಗಿರುವ ಕಪ್ಪು ಹಲಗೆಯೆಂದರೆ ನಿರುಪದ್ರವಿ ಎಂಬ ಭಾವನೆ ಬೇರೂರಿಹೋಗಿದೆ; ಮಕ್ಕಳು ಅದರ ಸುತ್ತ ಆಡುತ್ತಾರೆ, ಬಟ್ಟೆಯ ಹಗ್ಗವನ್ನು ಅದರ ಕಾಲಿಗೆ ಕಟ್ಟುತ್ತಾರೆ. ಹೊಸ ಫಲಕಗಳ ಸ್ವಭಾವ ಬೇರೆ. ಇಂದು ಮನೆಗಳಿಗೆ ಸಾಮಾನ್ಯವಾಗಿ ಹಾಕುವ 540 ವಾಟಿನ ಫಲಕವೊಂದು, ಏನನ್ನೂ ಜೋಡಿಸದೆ ಬಿಸಿಲಿಗೆ ಇಟ್ಟಾಗ, ತನ್ನ ಎರಡು ತಂತಿಗಳ ನಡುವೆ ಸುಮಾರು 49 ವೋಲ್ಟನ್ನು ತೋರಿಸುತ್ತದೆ. ಒಂದೇ ಫಲಕವಾದರೆ ಅಂತಹ ಭಯವಿಲ್ಲ. ಆದರೆ ಫಲಕಗಳ ವಿದ್ಯುತ್ತನ್ನು ಮನೆಯ ಬಳಕೆಗೆ ಒಗ್ಗುವಂತೆ ಮಾರ್ಪಡಿಸುವ ಇನ್ವರ್ಟರಿಗೆ ಬೇಕಾದ ಒತ್ತಡವನ್ನು ಪಡೆಯುವುದಕ್ಕಾಗಿ ಫಲಕಗಳನ್ನು ಒಂದರ ಬಾಲಕ್ಕೆ ಮತ್ತೊಂದರ ತಲೆಯನ್ನು ಕೂಡಿಸಿ ಸರಣಿಯಾಗಿ ಜೋಡಿಸುತ್ತಾರಾದುದರಿಂದ, ಮೂರು ಕಿಲೋವಾಟಿನ ಚಿಕ್ಕ ಘಟಕದ ಆರು ಫಲಕಗಳ ಕೊನೆಯಲ್ಲಿ ನಿಲ್ಲುವುದು ಸುಮಾರು 300 ವೋಲ್ಟು. ಅದೂ ಏಕಮುಖ ಪ್ರವಾಹ, ಅಂದರೆ ಡಿ.ಸಿ. ಇನ್ವರ್ಟರನ್ನು ಆರಿಸಿದರೂ, ಮೇನ್ ಸ್ವಿಚ್ಚನ್ನು ಎಳೆದರೂ, ವಿದ್ಯುತ್ ಕಂಪೆನಿಯವರು ಬಂದು ಸಂಪರ್ಕವನ್ನೇ ಕಡಿದುಹಾಕಿದರೂ, ಹಗಲಿರುವ ತನಕ ಮಾಳಿಗೆಯಿಂದ ಇಳಿಯುವ ಆ ಜೋಡಿ ತಂತಿಯ ಮೇಲಿನ ಒತ್ತಡ ಇಳಿಯುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಸಿಲು ಹೆಚ್ಚಿದಷ್ಟೂ ಒತ್ತಡ ಹೆಚ್ಚುವುದೆಂದು ನಾವು ಸಹಜವಾಗಿ ಎಣಿಸುತ್ತೇವೆ. ನಿಜವಾಗಿ ಫಲಕವು ಕಾದಷ್ಟೂ ಅದರ ಒತ್ತಡ ತಗ್ಗುತ್ತದೆ, ತಣಿದಷ್ಟೂ ಏರುತ್ತದೆ. ತಯಾರಕರು ಹಣೆಪಟ್ಟಿಯ ಮೇಲೆ ಬರೆಯುವ ಅಂಕಿ 25 ಡಿಗ್ರಿ ಉಷ್ಣತೆಯದು. ಅಲ್ಲಿಂದ ಒಂದೊಂದು ಡಿಗ್ರಿ ಇಳಿದಂತೆ ಒತ್ತಡವು ಸುಮಾರು ಶೇಕಡಾ 0.27ರಷ್ಟು ಏರುತ್ತದೆ. 600 ವೋಲ್ಟಿನ ಮಿತಿಯುಳ್ಳ ಇನ್ವರ್ಟರಿಗೆ 49.5 ವೋಲ್ಟಿನ ಹನ್ನೆರಡು ಫಲಕಗಳನ್ನು ಸರಣಿಯಾಗಿ ಕೂಡಿಸಿದವನು, 594 ವೋಲ್ಟು ತಾನೆ, ಮಿತಿಯೊಳಗೆ ಇದೆ ಎಂದು ತೃಪ್ತನಾಗಬಹುದು. ಆದರೆ ಬೀದರಿನ ಒಂದು ಡಿಸೆಂಬರಿನ ಬೆಳಗ್ಗೆ, ಫಲಕಗಳು 10 ಡಿಗ್ರಿಯಲ್ಲಿರುವಾಗ ಎಳೆಬಿಸಿಲು ಅವುಗಳ ಮೇಲೆ ಬಿದ್ದರೆ, ಅದೇ ಸರಣಿ 618 ವೋಲ್ಟಿಗೆ ಏರಿ ಇನ್ವರ್ಟರಿನ ಹೊಟ್ಟೆಯೊಳಗಿನ ಅವಯವಗಳನ್ನು ಸುಡಬಹುದು. ಊರಿನ ಅತ್ಯಂತ ಚಳಿಯ ಬೆಳಗನ್ನು ಲೆಕ್ಕಕ್ಕೆ ಹಿಡಿಯದೆ ಫಲಕಗಳ ಸಂಖ್ಯೆಯನ್ನು ಗೊತ್ತುಮಾಡಕೂಡದು.

ಏಕಮುಖ ಪ್ರವಾಹದ ನಿಜವಾದ ಕ್ರೌರ್ಯವಿರುವುದು ಅದರ ಕಿಡಿಯಲ್ಲಿ. ನಮ್ಮ ಮನೆಗಳ ಸಾಮಾನ್ಯ ವಿದ್ಯುತ್ತು ಒಂದು ಸೆಕೆಂಡಿಗೆ ಐವತ್ತು ಆವರ್ತನಗಳನ್ನು ಮುಗಿಸುವ ಪರ್ಯಾಯ ಪ್ರವಾಹವಾದುದರಿಂದ, ಅದು ಪ್ರತಿ ಸೆಕೆಂಡಿನಲ್ಲಿಯೂ ನೂರು ಸಲ ಶೂನ್ಯಕ್ಕೆ ಇಳಿಯುತ್ತದೆ; ಸ್ವಿಚ್ಚು ತೆರೆದಾಗ ಹುಟ್ಟಿದ ಕಿಡಿ ಆ ಶೂನ್ಯದ ಕ್ಷಣದಲ್ಲಿ ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ. ಏಕಮುಖ ಪ್ರವಾಹಕ್ಕೆ ಈ ವಿರಾಮವಿಲ್ಲ. ಅದು ಹರಿಯುತ್ತಿರುವಾಗ ಎರಡು ಲೋಹಗಳನ್ನು ಸ್ವಲ್ಪ ದೂರ ಸರಿಸಿದರೆ, ನಡುವಿನ ಗಾಳಿಯೇ ಕಾದು ವಾಹಕವಾಗಿ, ಸಾವಿರಾರು ಡಿಗ್ರಿ ಉಷ್ಣತೆಯ ಜ್ವಾಲೆಯೊಂದು ಅಲ್ಲಿ ನೆಲೆನಿಂತು, ತಾಮ್ರವನ್ನು ಕರಗಿಸಿ, ಪ್ಲಾಸ್ಟಿಕ್ಕನ್ನು ಹೊತ್ತಿಸಿ, ಬಿಸಿಲಿರುವಷ್ಟು ಹೊತ್ತೂ ಉರಿಯುತ್ತಿರಬಲ್ಲುದು. ಆದಕಾರಣ ಮನೆಯ ದೀಪ ಮತ್ತು ಫ್ಯಾನುಗಳಿಗೆ ಬಳಸುವ ಸಾಮಾನ್ಯ ಎಂ.ಸಿ.ಬಿ.ಯನ್ನು, ನೋಡುವುದಕ್ಕೆ ಒಂದೇ ತೆರನಾಗಿದೆ ಎಂಬ ಕಾರಣಕ್ಕೆ, ಬೆಲೆ ಕಡಮೆಯೆಂಬ ಕಾರಣಕ್ಕೆ, ಫಲಕಗಳ ಕಡೆಯ ಪೆಟ್ಟಿಗೆಯಲ್ಲಿ ಹಾಕುವುದು ಮಹಾಪರಾಧ. ಕಿಡಿಯನ್ನು ಎಳೆದು ಉದ್ದಮಾಡಿ ನಂದಿಸುವ ವಿಶೇಷ ರಚನೆಯುಳ್ಳ, ಆ ಸರಣಿಯ ಪೂರ್ಣ ಒತ್ತಡಕ್ಕೆ ಒಪ್ಪಿದ ಡಿ.ಸಿ. ಐಸೊಲೇಟರೋ ಎಂ.ಸಿ.ಬಿ.ಯೋ ಅಲ್ಲಿರತಕ್ಕದ್ದು, ಅದರಲ್ಲಿಯೂ ಧನ ಋಣಗಳ ಗುರುತಿದ್ದರೆ ಅದೇ ಕ್ರಮದಲ್ಲಿ ಜೋಡಿಸತಕ್ಕದ್ದು, ಏಕೆಂದರೆ ಕೆಲವು ಬಗೆಯ ಡಿ.ಸಿ. ಎಂ.ಸಿ.ಬಿ.ಗಳನ್ನು ತಿರುಗುಮುರುಗಾಗಿ ಜೋಡಿಸಿದರೆ ಕಿಡಿಯನ್ನು ನಂದಿಸುವ ಬದಲು ಅವೇ ಉರಿದುಹೋಗುತ್ತವೆ.

ಫಲಕದಿಂದ ಫಲಕಕ್ಕೆ ತಂತಿಯನ್ನು ಕೂಡಿಸುವ ಎಂ.ಸಿ.4 ಎಂಬ ಕನೆಕ್ಟರುಗಳೂ ಈ ಕಿಡಿಯ ತವರೇ. ಇವು ಕೈಯಿಂದ ಒತ್ತಿದರೆ ಕ್ಲಿಕ್ಕೆಂದು ಕೂಡಿಕೊಳ್ಳುತ್ತವೆ. ಆ ಸುಲಭವೇ ಮೋಸಕ್ಕೂ ಆಸ್ಪದ. ತಂತಿಯ ತುದಿಗೆ ಲೋಹದ ಮುಳ್ಳನ್ನು ಅದಕ್ಕೆಂದೇ ಮಾಡಿದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ ಕೂಡಿಸಬೇಕಾದಲ್ಲಿ, ಸಾಧಾರಣ ಇಕ್ಕಳದಿಂದ ಹಿಸುಕಿ ತುರುಕಿದರೆ, ಆ ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಹದಿಮೂರು ಆಂಪಿಯರಿನ ಪ್ರವಾಹ ಆ ಸಡಿಲವಾದ ಸಂಧಿಯ ಮೂಲಕ ದಿನವೂ ಹಾಯ್ದು, ಸಂಧಿ ದಿನವೂ ಕಾದು ರಾತ್ರಿ ತಣಿದು, ಹಿಗ್ಗಿ ಕುಗ್ಗಿ, ಕಿಲುಬು ಹಿಡಿದು, ಎರಡು ಮೂರು ಬೇಸಗೆಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅದು ಕರಗಿ ಹೊತ್ತಿಕೊಳ್ಳುತ್ತದೆ. ಒಂದು ಕಂಪೆನಿಯ ಗಂಡು ಕನೆಕ್ಟರಿಗೆ ಬೇರೊಂದು ಕಂಪೆನಿಯ ಹೆಣ್ಣು ಕನೆಕ್ಟರನ್ನು, ಗಾತ್ರ ಹೊಂದುತ್ತದೆಯೆಂದು ಸೇರಿಸುವುದರ ಫಲವೂ ಇದೇ. ಕೂದಲೆಳೆಯಷ್ಟು ವ್ಯತ್ಯಾಸವೂ ಅಲ್ಲಿ ಉಷ್ಣವಾಗಿ ಪರಿಣಮಿಸುತ್ತದೆ. ಪ್ರವಾಹ ಹರಿಯುತ್ತಿರುವಾಗ ಈ ಕನೆಕ್ಟರುಗಳನ್ನು ಬಿಚ್ಚುವುದಂತೂ ಎಂದಿಗೂ ಸಲ್ಲದು. ಮೊದಲು ಇನ್ವರ್ಟರಿನ ಎ.ಸಿ. ಕಡೆಯನ್ನು ಆರಿಸಿ, ಆಮೇಲೆ ಡಿ.ಸಿ. ಐಸೊಲೇಟರನ್ನು ತೆರೆದು, ಪ್ರವಾಹವನ್ನು ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೆಯೇ ಕೈ ಹಾಕತಕ್ಕದ್ದು. ಇನ್ವರ್ಟರಿನ ಮುಚ್ಚಳವನ್ನು ತೆರೆಯುವುದಾದರೆ, ಅದರೊಳಗಿನ ಕೆಪ್ಯಾಸಿಟರುಗಳು ತಮ್ಮ ಸಂಗ್ರಹವನ್ನು ಬಿಟ್ಟುಕೊಡುವುದಕ್ಕೆ ತಯಾರಕರು ಹೇಳಿದಷ್ಟು ನಿಮಿಷಗಳನ್ನು ಕಾಯುವುದೂ ಅವಶ್ಯಕ.

ಫ್ಯೂಸು ಇದೆಯಲ್ಲ, ಏನಾದರೂ ಆದರೆ ಅದು ಹಾರಿಹೋಗುತ್ತದಲ್ಲ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವನ್ನು ತಿಳಿದುಕೊಂಡರೆ ಸೌರವಿದ್ಯುತ್ತಿನ ಅರ್ಧ ಶಾಸ್ತ್ರವೇ ತಿಳಿದಂತೆ. ಬೀದಿಯಿಂದ ಬರುವ ವಿದ್ಯುತ್ತು ಒಂದು ದೊಡ್ಡ ಕೆರೆಯಿದ್ದಂತೆ. ಏರಿ ಒಡೆದರೆ ನೀರು ಭೋರ್ಗರೆದು ಧುಮುಕುವುದರಿಂದ ಒಡೆದುದು ಎಲ್ಲರಿಗೂ ಒಡನೆಯೇ ಗೊತ್ತಾಗುತ್ತದೆ. ಸೌರಫಲಕವಾದರೋ ಬಂಡೆಯ ಸಂದಿನ ಒರತೆ; ಅದು ಕಾಲುವೆಯಲ್ಲಿ ಹರಿದರೂ ಅಷ್ಟೇ, ಕಾಲುವೆ ಒಡೆದು ಎಲ್ಲಿಯೋ ಸೋರಿಹೋದರೂ ಅಷ್ಟೇ. ಕೆಲಸ ಮಾಡುತ್ತಿರುವಾಗ ಸುಮಾರು 13 ಆಂಪಿಯರನ್ನು ಕೊಡುವ ಫಲಕವು, ಅದರ ಎರಡು ತಂತಿಗಳನ್ನು ನೇರವಾಗಿ ಒಂದಕ್ಕೊಂದು ತಾಗಿಸಿದಾಗಲೂ ಸುಮಾರು 14 ಆಂಪಿಯರಿಗಿಂತ ಹೆಚ್ಚನ್ನು ಕೊಡಲಾರದು. ಈ ಅಲ್ಪ ವ್ಯತ್ಯಾಸವನ್ನು ಯಾವ ಫ್ಯೂಸೂ ಕಂಡುಹಿಡಿಯಲಾರದು. ಮೂರು ಅಥವಾ ಹೆಚ್ಚು ಸರಣಿಗಳನ್ನು ಸಮಾಂತರವಾಗಿ ಕೂಡಿಸಿದ ದೊಡ್ಡ ಘಟಕಗಳಲ್ಲಿ, ಕೆಟ್ಟ ಸರಣಿಯೊಂದಕ್ಕೆ ಉಳಿದವುಗಳೆಲ್ಲ ಸೇರಿ ಪ್ರವಾಹವನ್ನು ಹಿಮ್ಮುಖವಾಗಿ ನುಗ್ಗಿಸದಂತೆ ತಡೆಯುವುದಕ್ಕೆ ಫ್ಯೂಸು ಬೇಕೇಬೇಕು. ಆದರೆ ಒಂದೇ ಸರಣಿಯ ಮನೆಯಲ್ಲಿ ಅದು ಕಾವಲುಗಾರನಲ್ಲ. ತಪ್ಪು ಸಂಭವಿಸಿದ ಮೇಲೆ ಅದನ್ನು ಕಡಿದುಹಾಕುವ ಸಾಧನವಿಲ್ಲದ ಕಡೆಯಲ್ಲಿ, ತಪ್ಪೇ ಸಂಭವಿಸದಂತೆ ನೋಡಿಕೊಳ್ಳುವುದೊಂದೇ ಮಾರ್ಗ. ತಂತಿಯ ಗುಣಕ್ಕೂ ಕೆಲಸಗಾರನ ಕೈಯ ಶುದ್ಧಿಗೂ ಇಲ್ಲಿ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಆ ತಂತಿ ಮನೆಯೊಳಗಿನ ಸಾಧಾರಣ ತಂತಿಯಾಗಕೂಡದು. ತವರ ಲೇಪಿಸಿದ ಸಣ್ಣ ತಾಮ್ರದ ಎಳೆಗಳ ಮೇಲೆ ಎರಡು ಪದರದ ನಿರೋಧಕವಿದ್ದು, ಬಿಸಿಲಿನ ಅತಿನೇರಳೆ ಕಿರಣಗಳಿಗೆ ಬಿರುಕುಬಿಡದಂತಹ, 1,500 ವೋಲ್ಟು ಡಿ.ಸಿ.ಗೆ ಒಪ್ಪಿದ, 4 ಅಥವಾ 6 ಚದರ ಮಿಲಿಮೀಟರಿನ ಸೋಲಾರ್ ಕೇಬಲ್ಲನ್ನೇ ಬಳಸತಕ್ಕದ್ದು. ಸಾಧಾರಣ ಪಿ.ವಿ.ಸಿ. ತಂತಿಯ ಹೊದಿಕೆ ನಮ್ಮ ಬಿಸಿಲಿನಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ಫಲಕಗಳಾದರೋ ಇಪ್ಪತ್ತೈದು ವರ್ಷ ಬಾಳತಕ್ಕವು. ಕೇಬಲ್ಲು ತಾರಸಿಯ ಮೇಲೆ ಬಿದ್ದುಕೊಂಡು ಮಳೆಯ ನೀರಿನಲ್ಲಿ ನೆನೆಯುತ್ತಿರಕೂಡದು; ಫಲಕದ ಚೌಕಟ್ಟಿನ ಹರಿತವಾದ ಅಂಚಿಗೆ ಉಜ್ಜಿಕೊಂಡು ಗಾಳಿಗೆ ತೂಗಾಡಕೂಡದು. ಇಲಿ, ಅಳಿಲುಗಳು ಹಲ್ಲಿನ ತೀಟೆಗೆ ಇದನ್ನು ಕಡಿಯುತ್ತವೆ, ಮಂಗಗಳಿರುವ ಊರುಗಳಲ್ಲಿ ಅವು ಜೋತಾಡಿ ಕೀಳುತ್ತವೆ. ಆದುದರಿಂದ ಫಲಕದ ನೆರಳಿನಿಂದ ಹೊರಕ್ಕೆ ಬಂದ ಎಡೆಯಿಂದಲೇ ಅದು ಪೈಪಿನೊಳಗಿರಬೇಕು. ಧನ ಋಣ ತಂತಿಗಳೆರಡೂ ಜೊತೆಜೊತೆಯಾಗಿಯೇ ಸಾಗಬೇಕೆಂಬುದು ಮತ್ತೊಂದು ನಿಯಮ. ಒಂದು ತಂತಿ ಮಾಳಿಗೆಯ ಈ ಅಂಚಿನಲ್ಲಿ, ಮತ್ತೊಂದು ಆ ಅಂಚಿನಲ್ಲಿ ಹೋಗಿ ಇನ್ವರ್ಟರಿನ ಬಳಿ ಕೂಡಿದರೆ, ಅವೆರಡರ ನಡುವೆ ಒಂದು ವಿಶಾಲವಾದ ಉಂಗುರ ಏರ್ಪಡುತ್ತದೆ. ಸಮೀಪದಲ್ಲಿ ಸಿಡಿಲು ಬಡಿದಾಗ, ಅದು ನೇರವಾಗಿ ಮನೆಗೆ ತಾಗದಿದ್ದರೂ, ಆ ಉಂಗುರದಲ್ಲಿ ಸಾವಿರಾರು ವೋಲ್ಟುಗಳ ಒತ್ತಡವನ್ನು ಪ್ರೇರಿಸಬಲ್ಲುದು.

ಕೆಲಸದ ಕ್ರಮವೂ ರಕ್ಷಣೆಯ ಒಂದು ಅಂಗವೇ. ಮೊದಲು ಗುಂಡಿ ತೋಡಿ ಭೂಸಂಪರ್ಕವನ್ನು ಪೂರೈಸಿ, ಕಬ್ಬಿಣದ ಚೌಕಟ್ಟನ್ನು ಅದಕ್ಕೆ ಬಂಧಿಸಿ, ಪೆಟ್ಟಿಗೆಗಳನ್ನೂ ಇನ್ವರ್ಟರನ್ನೂ ಗೋಡೆಗೆ ಕೂಡಿಸಿ, ಆಮೇಲೆ ಫಲಕಗಳನ್ನು ಮೇಲೇರಿಸಿ, ಸರಣಿಯ ನಡುವಿನ ಒಂದು ಕೂಡುವಿಕೆಯನ್ನು ಕಡೆಯ ತನಕ ತೆರೆದೇ ಇಟ್ಟಿದ್ದು, ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಅದನ್ನು ಮುಚ್ಚುವುದು ವಿವೇಕಿಯ ಕ್ರಮ. ಇದರಿಂದ ಪೂರ್ಣ ಒತ್ತಡವು ಕೆಲಸಗಾರನ ಕೈಯ ಬಳಿ ಇರುವ ಕಾಲವು ಅತ್ಯಲ್ಪವಾಗುತ್ತದೆ. ದುರ್ದೈವದಿಂದ ಇದರ ವಿಪರೀತವೇ ಹಲವೆಡೆಗಳಲ್ಲಿ ನಡೆಯುತ್ತಿದೆ. ಫಲಕಗಳು ಮೊದಲು ಏರುತ್ತವೆ, ಅರ್ಥಿಂಗಿನವನು ವಾರ ಕಳೆದು ಬರುತ್ತಾನೆ, ನಡುವಿನ ದಿನಗಳಲ್ಲಿ ಲೋಹದ ಆ ದೊಡ್ಡ ಚೌಕಟ್ಟು ಮಣ್ಣಿನೊಡನೆ ಯಾವ ಸಂಬಂಧವೂ ಇಲ್ಲದೆ ಆಕಾಶಕ್ಕೆ ಎದುರಾಗಿ ನಿಂತಿರುತ್ತದೆ.

ಭೂಸಂಪರ್ಕದ ವಿಷಯ ಬಂದಿತು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅರ್ಥಿಂಗ್ ಎಂದರೆ ಹೆಚ್ಚಾದ ವಿದ್ಯುತ್ತನ್ನು ಭೂಮಿ ಕುಡಿದುಬಿಡುತ್ತದೆ ಎಂಬ ಕಲ್ಪನೆ ಜನರಲ್ಲಿ ಪ್ರಬಲವಾಗಿದೆ. ಈ ಕಲ್ಪನೆಯಲ್ಲಿ ಸತ್ಯಾಂಶವಿದ್ದರೂ ಅದು ಪೂರ್ಣಸತ್ಯವಲ್ಲ. ಭೂಸಂಪರ್ಕದ ಮೊದಲ ಉದ್ದೇಶ, ಮನುಷ್ಯನು ಏಕಕಾಲದಲ್ಲಿ ಮುಟ್ಟಬಹುದಾದ ಯಾವ ಎರಡು ಲೋಹಗಳ ನಡುವೆಯೂ, ಯಾವ ಲೋಹಕ್ಕೂ ಅವನ ಕಾಲ ಕೆಳಗಿನ ನೆಲಕ್ಕೂ ನಡುವೆಯೂ, ಅಪಾಯಕರವಾದ ಒತ್ತಡದ ಅಂತರ ಹುಟ್ಟದಂತೆ ನೋಡಿಕೊಳ್ಳುವುದು. ಅಂದಮೇಲೆ ಗುಂಡಿಗಿಂತ ಮೊದಲು ಗಮನಿಸಬೇಕಾದುದು ಬಂಧನವನ್ನು. ಪ್ರತಿಯೊಂದು ಫಲಕದ ಚೌಕಟ್ಟೂ, ಅದನ್ನು ಹೊತ್ತ ಕಬ್ಬಿಣವೂ, ಇನ್ವರ್ಟರಿನ ಲೋಹದ ಮೈಯೂ ಒಂದಕ್ಕೊಂದು ಬಿಗಿಯಾಗಿ ತಾಮ್ರದಿಂದಲೋ ಜಿ.ಐ. ಪಟ್ಟಿಯಿಂದಲೋ ಕೂಡಿರಬೇಕು.

ಇಲ್ಲಿ ಬಹುಜನರು ಎಡವುವ ಒಂದು ಸ್ಥಳವಿದೆ. ಫಲಕದ ಅಲ್ಯೂಮಿನಿಯಮ್ ಚೌಕಟ್ಟು ಕಬ್ಬಿಣದ ಆಧಾರದ ಮೇಲೆ ಬೋಲ್ಟಿನಿಂದ ಬಿಗಿಯಲ್ಪಟ್ಟಿರುವುದರಿಂದ, ಲೋಹಕ್ಕೆ ಲೋಹ ತಾಗಿ ಸಂಪರ್ಕ ತಾನಾಗಿಯೇ ಏರ್ಪಟ್ಟಿತೆಂದು ತಿಳಿಯುತ್ತಾರೆ. ಆದರೆ ಆ ಅಲ್ಯೂಮಿನಿಯಮ್ಮಿಗೆ ಕಿಲುಬು ಹಿಡಿಯದಂತೆ ಕಾರ್ಖಾನೆಯಲ್ಲಿ ಕೊಟ್ಟಿರುವ ಆನೊಡೈಸಿಂಗ್ ಎಂಬ ಸಂಸ್ಕಾರದಿಂದ ಅದರ ಮೈಯ ಮೇಲೆ ತೆಳುವಾದ ಆಕ್ಸೈಡಿನ ಪದರವೊಂದು ನಿಂತಿದೆ. ಆ ಪದರವು ವಿದ್ಯುತ್ತಿಗೆ ಅವಾಹಕ. ಅದನ್ನು ಭೇದಿಸುವ ಹಲ್ಲುಗಳುಳ್ಳ ನಕ್ಷತ್ರಾಕಾರದ ತುಕ್ಕುಹಿಡಿಯದ ಉಕ್ಕಿನ ವಾಷರನ್ನು ಹಾಕಿ, ಚೌಕಟ್ಟಿನಲ್ಲಿ ತಯಾರಕರೇ ಭೂಸಂಪರ್ಕದ ಗುರುತಿಟ್ಟು ಕೊರೆದಿರುವ ರಂಧ್ರದಲ್ಲಿಯೇ ಬಿಗಿದರೆ ಮಾತ್ರ ಅದು ಸಂಪರ್ಕ. ಬರಿಯ ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಮ್ಮಿಗೆ ಸುತ್ತುವುದೂ ತಪ್ಪು. ಮಳೆಯ ತೇವ ಬಿದ್ದೊಡನೆ ಆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ಆರಂಭವಾಗಿ, ಅಲ್ಯೂಮಿನಿಯಮ್ ಕೊರೆದುಹೋಗಿ, ಬಂಧನವು ಹೆಸರಿಗೆ ಮಾತ್ರ ಉಳಿಯುತ್ತದೆ. ತವರ ಲೇಪಿಸಿದ ಲಗ್ಗು ನಡುವೆ ಇರಬೇಕು. ಒಂದು ಫಲಕವನ್ನು ರಿಪೇರಿಗಾಗಿ ತೆಗೆದರೂ ಉಳಿದವುಗಳ ಸಂಪರ್ಕ ತುಂಡಾಗದಂತೆ ಜೋಡಿಸುವುದು ಬಲ್ಲವನ ಲಕ್ಷಣ.

ಇನ್ನು ಗುಂಡಿ. ಭೂಸಂಪರ್ಕದ ಭಾರತೀಯ ಮಾನಕವಾದ ಐ.ಎಸ್. 3043 ಈ ವಿಷಯವನ್ನು ವಿಸ್ತಾರವಾಗಿ ಹೇಳುತ್ತದೆ. ಮಾಳಿಗೆಯ ಘಟಕಗಳಿಗೆ ಭೂರೋಧ 5 ಓಮನ್ನು ಮೀರಕೂಡದೆಂಬುದು ನಮ್ಮಲ್ಲಿ ಅಂಗೀಕೃತವಾದ ಕಟ್ಟಳೆ. ಈ ಅಂಕಿಯನ್ನು ಸಾಧಿಸುವುದು ಮಣ್ಣಿನ ಮೇಲೆ ನಿಂತಿದೆ. ವಿಜಯಪುರ, ಬಾಗಲಕೋಟೆ, ಗದಗುಗಳ ಎರೆಭೂಮಿಯಲ್ಲಿ, ತೇವವನ್ನು ಹಿಡಿದಿಡುವ ಕಪ್ಪು ಮಣ್ಣಿನ ದೆಸೆಯಿಂದ, ಒಂದು ಸರಳಿನಿಂದಲೇ ಕಾರ್ಯ ಸಾಧಿಸಬಹುದು. ಚಿತ್ರದುರ್ಗ, ತುಮಕೂರು, ಕೋಲಾರಗಳ ಕಲ್ಲುನೆಲದಲ್ಲಿ ಮೂರಡಿ ಅಗೆಯುವುದರೊಳಗಾಗಿ ಬಂಡೆ ಸಿಕ್ಕಿ, ಸರಳನ್ನು ಅರ್ಧಕ್ಕೆ ಕತ್ತರಿಸಿ ಹೂಳಿ ಮುಚ್ಚುವ ದುಷ್ಟ ಪ್ರಲೋಭನೆ ಉಂಟಾಗುತ್ತದೆ. ಕರಾವಳಿಯ ಜಂಬಿಟ್ಟಿಗೆಯ ನೆಲ ಮಳೆಗಾಲದಲ್ಲಿ ಒಂದು ರೀತಿ, ಬೇಸಗೆಯಲ್ಲಿ ಇನ್ನೊಂದು ರೀತಿ. ಕಲ್ಲುನೆಲದಲ್ಲಿ ಒಂದರ ಬದಲು ಎರಡು ಮೂರು ಸರಳುಗಳನ್ನು, ಅವುಗಳ ಉದ್ದದ ಎರಡರಷ್ಟಾದರೂ ಅಂತರದಲ್ಲಿ ಹೂಳಿ ಕೂಡಿಸಬೇಕು. ಮೂರು ಮೀಟರಿನ ಸರಳುಗಳಾದರೆ ಆರು ಮೀಟರಿನ ಅಂತರ. ಹತ್ತಿರ ಹತ್ತಿರ ಹೂಳಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುವುದರಿಂದ ಎರಡನೆಯದು ವ್ಯರ್ಥ. ಹಿಂದಿನವರು ಇದ್ದಿಲು ಮತ್ತು ಉಪ್ಪನ್ನು ತುಂಬಿ, ಬೇಸಗೆಯಲ್ಲಿ ಬಿಂದಿಗೆ ನೀರು ಹೊಯ್ಯುತ್ತಿದ್ದರು. ಆ ಕ್ರಮ ತಪ್ಪಲ್ಲ, ಆದರೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಮಳೆಯಲ್ಲಿ ಕರಗಿ ಇಳಿದುಹೋಗುತ್ತದೆ. ತಾಮ್ರ ಹೊದಿಸಿದ ಸರಳಿನ ಸುತ್ತ ಬೆಂಟೊನೈಟ್ ಎಂಬ ತೇವಗ್ರಾಹಿ ಜೇಡಿಯನ್ನು ತುಂಬುವ ಈಗಿನ ಪದ್ಧತಿಯೇ ಬಾಳಿಕೆಗೆ ಮೇಲು.

ಫಲಕಗಳಿಗೊಂದು, ಎ.ಸಿ. ಕಡೆಗೊಂದು, ಸಿಡಿಲನ್ನು ಸೆಳೆದು ಮಣ್ಣಿಗಿಳಿಸುವ ಲೈಟ್ನಿಂಗ್ ಅರೆಸ್ಟರಿಗೊಂದು, ಹೀಗೆ ಮೂರು ಗುಂಡಿಗಳನ್ನು ತೋಡುವುದು ನಮ್ಮಲ್ಲಿ ರೂಢಿ. ರೂಢಿ ಒಳ್ಳೆಯದೇ. ಆದರೆ ಮೂರೂ ಒಂದನ್ನೊಂದು ಮುಟ್ಟಕೂಡದು, ಮುಟ್ಟಿದರೆ ಸಿಡಿಲು ಮನೆಯೊಳಕ್ಕೆ ಬರುತ್ತದೆ ಎಂದು ಹೇಳಿ ಅವುಗಳನ್ನು ಬೇರೆಬೇರೆಯಾಗಿಯೇ ಬಿಡುವ ಅಭ್ಯಾಸವನ್ನು ನಾನು ಎಷ್ಟು ಬಲವಾಗಿ ವಿರೋಧಿಸಿದರೂ ಸಾಲದು. ಹತ್ತು ಸಾವಿರ ಆಂಪಿಯರಿನ ಒಂದು ಸಾಧಾರಣ ಸಿಡಿಲು 5 ಓಮಿನ ಗುಂಡಿಯೊಂದಕ್ಕೆ ಇಳಿದರೆ, ಆ ಕ್ಷಣದಲ್ಲಿ ಆ ಗುಂಡಿಯ ಒತ್ತಡ ಐವತ್ತು ಸಾವಿರ ವೋಲ್ಟಿಗೆ ನೆಗೆಯುತ್ತದೆ. ಪಕ್ಕದ ಗುಂಡಿಗಳು ಮಾತ್ರ ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ಈ ಅಗಾಧವಾದ ಅಂತರವು ತನ್ನನ್ನು ತುಂಬಿಕೊಳ್ಳಲು ದಾರಿ ಹುಡುಕುವುದು ಎರಡೂ ಗುಂಡಿಗಳೊಡನೆ ಸಂಬಂಧವುಳ್ಳ ವಸ್ತುವಿನ ಮೂಲಕ, ಅಂದರೆ ಇನ್ವರ್ಟರಿನ ಮೂಲಕ, ಕೆಲವು ವೇಳೆ ಅದನ್ನು ಮುಟ್ಟಿಕೊಂಡಿರುವ ಮನುಷ್ಯನ ಮೂಲಕ. ಗುಂಡಿಗಳನ್ನು ನೆಲದ ಮಟ್ಟದಲ್ಲಿ ದಪ್ಪನೆಯ ಪಟ್ಟಿಯಿಂದ ಕೂಡಿಸಿದ್ದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಅಂತರವಿಲ್ಲದ ಕಡೆ ಅನಾಹುತವಿಲ್ಲ. ಅರೆಸ್ಟರಿನಿಂದ ಕೆಳಗಿಳಿಯುವ ಪಟ್ಟಿ ಫಲಕಗಳ ತಂತಿಗಳಿಂದ ದೂರವಾಗಿ, ತನ್ನದೇ ಗುಂಡಿಗೆ ನೇರವಾಗಿ ಇಳಿಯಬೇಕೆಂಬುದು ನಿಜ. ಆದರೆ ಭೂಮಿಯ ಬಳಿಯಲ್ಲಿ ಎಲ್ಲರೂ ಒಂದಾಗಿರಬೇಕು. ಸಿಡಿಲಿನ ಅಲೆಯನ್ನು ತಂತಿಯಿಂದಲೇ ಮಣ್ಣಿಗೆ ತಿರುಗಿಸುವ ಎಸ್.ಪಿ.ಡಿ. ಎಂಬ ಸಾಧನಗಳು ಡಿ.ಸಿ. ಎ.ಸಿ. ಪೆಟ್ಟಿಗೆಗಳೆರಡರಲ್ಲಿಯೂ ಇರಬೇಕು, ಅವುಗಳಿಂದ ಭೂಸಂಪರ್ಕಕ್ಕೆ ಹೋಗುವ ತಂತಿ ಸಾಧ್ಯವಾದಷ್ಟು ಗಿಡ್ಡವಾಗಿಯೂ ನೇರವಾಗಿಯೂ ಇರಬೇಕು.

ಒಳ್ಳೆಯ ಗುಂಡಿಯಿದ್ದರೆ ಎ.ಸಿ. ಕಡೆಯ ಎಲ್ಲ ದೋಷಗಳಿಗೂ ಪರಿಹಾರವಾಯಿತೆಂದೂ ತಿಳಿಯಬಾರದು. ಇನ್ವರ್ಟರಿನ ಮೈಗೆ 230 ವೋಲ್ಟಿನ ತಂತಿ ತಾಗಿತೆನ್ನೋಣ. ಮನೆಯ ಗುಂಡಿಯ ರೋಧ 5 ಓಮು, ಟ್ರಾನ್ಸ್‌ಫಾರ್ಮರಿನ ಬಳಿಯದೂ 5 ಓಮು ಆದರೆ, ಮಣ್ಣಿನ ಮೂಲಕ ಹರಿಯುವ ಪ್ರವಾಹ 23 ಆಂಪಿಯರು ಮಾತ್ರ. 32 ಆಂಪಿಯರಿನ ಎಂ.ಸಿ.ಬಿ. ಇದನ್ನು ಮನೆಯವರ ಬಳಕೆಯೆಂದೇ ಎಣಿಸಿ ಸುಮ್ಮನಿರುತ್ತದೆ. ಲೋಹದ ಮೈ ಮಾತ್ರ ನೂರಕ್ಕೆ ಮೇಲ್ಪಟ್ಟ ವೋಲ್ಟಿನಲ್ಲಿ ನಿಂತಿರುತ್ತದೆ. ಸೋರಿಹೋಗುವ ಅಲ್ಪ ಪ್ರವಾಹವನ್ನೇ ಗುರುತಿಸಿ ಕಡಿಯುವ ಆರ್.ಸಿ.ಸಿ.ಬಿ. ಇಲ್ಲದೆ, ಗುಂಡಿ ಎಷ್ಟೇ ಒಳ್ಳೆಯದಾಗಿದ್ದರೂ, ರಕ್ಷಣೆ ಅಪೂರ್ಣ.

ಫಲಕಗಳ ಕಡೆಯಲ್ಲಿ ಈ ಕಾವಲನ್ನು ಇನ್ವರ್ಟರೇ ನಡೆಸುತ್ತದೆ. ಈಗಿನ ಬಹುತೇಕ ಇನ್ವರ್ಟರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದುದರಿಂದ, ಅವುಗಳಿಗೆ ಜೋಡಿಸಿದ ಫಲಕಗಳ ಧನ ಋಣ ತಂತಿಗಳೆರಡನ್ನೂ ಭೂಮಿಗೆ ತಾಗಿಸಕೂಡದು. ಚೌಕಟ್ಟಿಗೆ ಮಾತ್ರ ಭೂಸಂಪರ್ಕ, ತಂತಿಗಿಲ್ಲ. ಪ್ರತಿದಿನ ಬೆಳಗ್ಗೆ ಎಚ್ಚರಗೊಂಡೊಡನೆ ಇನ್ವರ್ಟರು ಮೊದಲು ಆ ತಂತಿಗಳಿಗೂ ಮಣ್ಣಿಗೂ ನಡುವಿನ ನಿರೋಧವನ್ನು ಅಳೆಯುತ್ತದೆ. ಎಲ್ಲಿಯಾದರೂ ಹೊದಿಕೆ ಹರಿದು ತೇವ ತಾಗಿದ್ದರೆ, ಕೆಲಸ ಮಾಡಲು ನಿರಾಕರಿಸಿ, ಕೆಂಪು ದೀಪವನ್ನು ತೋರುತ್ತದೆ. ಮಳೆ ಬಂದ ಮರುದಿನ ಕಾಣಿಸಿಕೊಂಡು, ಮಧ್ಯಾಹ್ನ ಬಿಸಿಲಿಗೆ ಒಣಗಿದ ಮೇಲೆ ಮಾಯವಾಗುವ ಈ ದೋಷವನ್ನು ಯಂತ್ರದ ಹುಚ್ಚಾಟವೆಂದು ಬಗೆದು, ಮತ್ತೆ ಮತ್ತೆ ಆರಿಸಿ ಹಾಕಿ, ದಿನದೂಡುವವರಿದ್ದಾರೆ. ಎಲ್ಲಿಯೋ ಒಂದು ತಂತಿ ಚೌಕಟ್ಟಿಗೆ ತಾಗಿದೆ ಎಂಬುದು ಅದರ ಅರ್ಥ. ಮೊದಲನೆಯ ದೋಷದಿಂದ ಪ್ರವಾಹ ಹರಿಯುವುದಿಲ್ಲವಾದುದರಿಂದ ಯಾರಿಗೂ ತೊಂದರೆ ಕಾಣುವುದಿಲ್ಲ. ಇನ್ನೊಂದು ಎಡೆಯಲ್ಲಿ ಎರಡನೆಯ ದೋಷ ಉಂಟಾದಂದು, ಚೌಕಟ್ಟಿನ ಮೂಲಕವೇ ಮಂಡಲವು ಪೂರ್ಣಗೊಂಡು, ನಾನು ಹಿಂದೆ ವರ್ಣಿಸಿದ ಆರದ ಕಿಡಿಗೆ ದಾರಿಯಾಗುತ್ತದೆ.

ಕರೆಂಟು ಹೋದಾಗ ಫಲಕಗಳಿದ್ದೂ ಮನೆಯಲ್ಲಿ ದೀಪವಿಲ್ಲವಲ್ಲ ಎಂದು ಕೊರಗುವವರಿಗೆ ಒಂದು ಮಾತು. ಬೀದಿಯ ತಂತಿ ಸತ್ತೊಡನೆ ಇನ್ವರ್ಟರು ತಾನೂ ನಿಲ್ಲುವುದು ನ್ಯೂನತೆಯಲ್ಲ, ಕರ್ತವ್ಯ. ಅದು ನಿಲ್ಲದೆಹೋದರೆ, ಸಂಪರ್ಕ ಕಡಿದಿದೆಯೆಂದು ನಂಬಿ ಕಂಬವೇರಿದ ಪವರ್‌ಮ್ಯಾನನ ಕೈಗೆ ನಮ್ಮ ಮಾಳಿಗೆಯ ವಿದ್ಯುತ್ತು ತಾಗುತ್ತದೆ. ಬ್ಯಾಟರಿಯುಳ್ಳ ಹೈಬ್ರಿಡ್ ಇನ್ವರ್ಟರು ಮನೆಯನ್ನು ಬೀದಿಯಿಂದ ಬೇರ್ಪಡಿಸಿಕೊಂಡ ಮೇಲೆಯೇ ದೀಪವನ್ನು ಉರಿಸುತ್ತದೆ. ಈ ಬೇರ್ಪಡಿಕೆಯನ್ನು ತಪ್ಪಿಸುವ ಯಾವ ಕೈಚಳಕಕ್ಕೂ ಒಪ್ಪಬಾರದು.

ನನಗೆ ಮನೆಗಳಿಗಿಂತಲೂ ಹೆಚ್ಚಿನ ಚಿಂತೆಯಿರುವುದು ಹೊಲಗಳ ವಿಷಯದಲ್ಲಿ. ಐದು ಎಚ್.ಪಿ.ಯ ಸೌರ ಪಂಪಿಗೆ 4,800 ವಾಟಿನ ಫಲಕಗಳು ಬೇಕು. ಅವು ಮಾಳಿಗೆಯ ಎತ್ತರದಲ್ಲಲ್ಲ, ಕೈಗೆ ಎಟುಕುವಷ್ಟು ತಗ್ಗಿನಲ್ಲಿ, ಬದುವಿನ ಪಕ್ಕದಲ್ಲಿ ನಿಂತಿರುತ್ತವೆ. ರೈತನು ಬರಿಗಾಲಿನಲ್ಲಿ, ಒದ್ದೆ ಮಣ್ಣಿನಲ್ಲಿ ನಿಂತು ಅವುಗಳ ಚೌಕಟ್ಟನ್ನು ಹಿಡಿದು ದಿಕ್ಕು ತಿರುಗಿಸುತ್ತಾನೆ. ಎಮ್ಮೆ ಅದಕ್ಕೆ ಮೈಯುಜ್ಜುತ್ತದೆ. ಕೇಬಲ್ಲಿನ ಮೇಲೆ ಗುದ್ದಲಿ ಬೀಳುತ್ತದೆ. ಮನೆಯಲ್ಲಿ ಒಣನೆಲ, ಚಪ್ಪಲಿ, ಗೋಡೆಗಳು ಕೊಡುವ ಅಲ್ಪಸ್ವಲ್ಪ ರಕ್ಷಣೆಯೂ ಅಲ್ಲಿಲ್ಲ. ಕೇಬಲ್ಲನ್ನು ಎರಡಡಿಗಿಂತ ಕಡಮೆಯಿಲ್ಲದ ಆಳದಲ್ಲಿ ಪೈಪಿನೊಳಗೆ ಹೂಳದೆ, ಕಂಬಕ್ಕೂ ಕಂಟ್ರೋಲರಿಗೂ ಪಂಪಿನ ಕೊಳವೆಗೂ ಒಂದೇ ಭೂಸಂಪರ್ಕವನ್ನು ಕೊಡದೆ ಕೈಬಿಟ್ಟು ಹೋಗುವ ಗುತ್ತಿಗೆದಾರನನ್ನು ಊರಿನವರು ಊರು ಬಿಡಲು ಬಿಡಬಾರದು.

ಕೆಲಸ ಮುಗಿದ ದಿನ ಗೃಹಸ್ಥನು ಕೇಳಿ ಪಡೆಯಬೇಕಾದುದು ಬರಿಯ ಬಿಲ್ಲನ್ನಲ್ಲ. ಪ್ರತಿಯೊಂದು ಸರಣಿಯ ತೆರೆದ ಒತ್ತಡವೆಷ್ಟು, ತಂತಿಗೂ ಮಣ್ಣಿಗೂ ನಡುವಿನ ನಿರೋಧ ಒಂದು ಮೆಗಾಓಮಿಗಿಂತ ಮೇಲಿದೆಯೆ, ಕಟ್ಟಕಡೆಯ ಫಲಕದ ಚೌಕಟ್ಟಿನಿಂದ ಗುಂಡಿಯವರೆಗೆ ಸಂಪರ್ಕ ಅಖಂಡವಾಗಿದೆಯೆ, ಗುಂಡಿಯ ರೋಧವೆಷ್ಟು ಎಂಬ ಅಂಕಿಗಳನ್ನು ತನ್ನ ಎದುರಿನಲ್ಲಿಯೇ ಅಳೆಯಿಸಿ, ತಂತಿಗಳ ನಕ್ಷೆಯೊಡನೆ ಬರೆಯಿಸಿಕೊಂಡು, ಒಂದು ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಬೇಕು. ಮೀಟರಿನ ಬಳಿ, ಈ ಮನೆಗೆ ಮಾಳಿಗೆಯಿಂದಲೂ ವಿದ್ಯುತ್ತು ಇಳಿಯುತ್ತದೆ ಎಂಬ ಫಲಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಿಸಬೇಕು. ಬೆಂಕಿ ನಂದಿಸಲು ಬಂದವನು ಮೊದಲು ನೋಡುವುದು ಆ ಗೋಡೆಯನ್ನು. ಭೂರೋಧದ ಅಳತೆಯನ್ನು ಆಷಾಢ ಶ್ರಾವಣಗಳಲ್ಲಿ ಮಾಡಿಸಿ ಸಮಾಧಾನಪಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಒದ್ದೆ ಮಣ್ಣು ಯಾವ ಕೆಟ್ಟ ಗುಂಡಿಗೂ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ. ಮುಂಗಾರಿಗೆ ಮೊದಲು ಗುಡುಗಿನ ಮಳೆಗಳು ಆರಂಭವಾಗುವ ಮುನ್ನ, ನೆಲ ಒಣಗಿ ಬಿರಿದಿರುವ ಮಾರ್ಚಿಯ ಕೊನೆಯಲ್ಲಿ, ವರ್ಷಕ್ಕೊಮ್ಮೆ ಅದನ್ನು ಅಳೆಯಿಸತಕ್ಕದ್ದು. ಅಂದು 5 ಓಮು ಮೀರಿದ್ದರೆ, ಏಪ್ರಿಲ್ಲಿನ ಮೊದಲ ಸಿಡಿಲಿಗೆ ಮುಂಚೆ ಇನ್ನೊಂದು ಸರಳನ್ನು ಹೂಳಿಸುವುದಕ್ಕೆ ಕಾಲಾವಕಾಶವಿರುತ್ತದೆ.